ಯಾರ ಪಾರ್ಕು? ಯಾರ ಪಾಳು?

ಸಾರ್ವಜನಿಕ ಅನ್ನೋ ಮಾತು ಕಿವಿಗೆ ಬಿದ್ದಾಗ ಮೈಮರೆಯುವ ಜನ ನಾವಲ್ಲ. ಆ ಮಾತಿನ ಬಾಗಿಲಲ್ಲಿ ನಮ್ಮವರು ಬಹಳ ಕಾಲ ನಿಂತಿದ್ದಾರೆ. ಊರಿನ ಸಾರ್ವಜನಿಕ ಬಾವಿಗೆ ನಮ್ಮ ಹಗ್ಗ ಇಳಿಯಲಿಲ್ಲ. ಸಾರ್ವಜನಿಕ ಹೋಟೆಲಿನಲ್ಲಿ ನಮ್ಮ ಲೋಟ ಬೇರೆ ಇತ್ತು, ಕುಡಿದು ತೊಳೆದಿಡುವ ಕೈಯೂ ನಮ್ಮದೇ ಆಗಿತ್ತು. 1923ರಲ್ಲಿ ಮುಂಬಯಿಯ ಶಾಸನಸಭೆ ಬೋಲೆಯವರ ಠರಾವನ್ನು ಒಪ್ಪಿ, ಸರ್ಕಾರದ ಹಣದಲ್ಲಿ ನಡೆಯುವ ಕೆರೆ, ಬಾವಿ, ಶಾಲೆಗಳೆಲ್ಲ ಅಸ್ಪೃಶ್ಯರಿಗೂ ತೆರೆದಿವೆ ಅಂದಿತು. ಮಹಾಡದ ಪುರಸಭೆಯೂ ಹೂಂ ಅಂದಿತು. ಹೂಂ ಅಂದದ್ದು ಕಾಗದ, ನೀರಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಚೌದಾರ್ ಕೆರೆಯ ನೀರನ್ನು ಬೊಗಸೆಗೆ ತೆಗೆದುಕೊಳ್ಳಬೇಕಾಯಿತು. ಆಮೇಲೆ ಸವರ್ಣರು ಆ ಕೆರೆಗೆ ಸೆಗಣಿ, ಗಂಜಲ ಸುರಿದು 'ಶುದ್ಧ' ಮಾಡಿಕೊಂಡರು. ಸಾರ್ವಜನಿಕ ಅನ್ನೋ ಮಾತಿನ ಅರ್ಥ ನಮಗೆ ನಿಘಂಟಿನಿಂದ ಬಂದದ್ದಲ್ಲ.

ಈ ಗುಮಾನಿಯನ್ನು ನಾವು ಎಲ್ಲಿಗೆ ಹೋದರೂ ಬುತ್ತಿಯ ಥರ ಕಟ್ಟಿಕೊಂಡೇ ಹೋಗುತ್ತೇವೆ. ಈ ಸಲ ಅದು ಬಿಚ್ಚಿಕೊಂಡದ್ದು ಅಮೆರಿಕದ ವರ್ಜೀನಿಯಾ ರಾಜ್ಯದ ಒಂದು ಕಾಡಿನಲ್ಲಿ. ಶೆನಾಂಡೋವಾ ರಾಷ್ಟ್ರೀಯ ಉದ್ಯಾನ ಅಂತ ಅದರ ಹೆಸರು. ಬ್ಲೂ ರಿಜ್ ಬೆಟ್ಟಸಾಲಿನ ನೆತ್ತಿಯ ಮೇಲೆ 105 ಮೈಲಿ ಉದ್ದದ ಒಂದು ರಸ್ತೆ, ಅದರ ಎರಡೂ ಕಡೆ ಸುಮಾರು ಎರಡು ಲಕ್ಷ ಎಕರೆ ಕಾಡು, ಆ ಕಾಡಿನೊಳಗೆ 500 ಮೈಲಿಯಷ್ಟು ಕಾಲುದಾರಿ. ರಾಜಧಾನಿ ವಾಷಿಂಗ್ಟನ್ನಿನಿಂದ ಒಂದೆರಡು ಗಂಟೆಯ ದಾರಿ. ಆ ಕಡೆ ನೆಲೆಸಿದ ಕನ್ನಡದವರೂ ಅಕ್ಟೋಬರಿನಲ್ಲಿ ಎಲೆ ಕೆಂಪಾಗುವುದನ್ನು ನೋಡಲು ಚಿತ್ರಾನ್ನ ಕಟ್ಟಿಕೊಂಡು ಕಾರು ತುಂಬ ಹೋಗುತ್ತಾರೆ. ಹೋಗಲಿ, ಚೆಂದ ನೋಡುವುದು ತಪ್ಪಲ್ಲ.

ಉತ್ತರದ ಬಾಗಿಲಿನ ಹತ್ತಿರವೇ ಫಾಕ್ಸ್ ಹಾಲೋ ಅಂತ ಒಂದು ಕಾಲುದಾರಿ ಇದೆ. ಹಾಲೋ ಅಂದರೆ ಎರಡು ಗುಡ್ಡದ ನಡುವಿನ ಕೊರಕಲು, ನಮ್ಮ ಕಡೆ ಕಣಿವೆ ಅನ್ನುತ್ತೇವಲ್ಲ ಹಾಗೆ. ಸುತ್ತಿ ಬಂದರೆ ಒಂದು ಮೈಲಿಗೆ ಸ್ವಲ್ಪ ಹೆಚ್ಚು. ನಡೆಯುತ್ತ ಹೋದರೆ ದಟ್ಟ ಮರಗಳ ನಡುವೆ ಕಲ್ಲಿನ ಗುಡ್ಡೆಗಳು ಸಿಗುತ್ತವೆ. ಪಟ್ಟಣದಿಂದ ಬಂದವರು ಇವೇನೋ ಪ್ರಕೃತಿಯ ಲೀಲೆ ಅಂತ ಫೋಟೋ ತೆಗೆದುಕೊಳ್ಳುತ್ತಾರೆ. ಹೊಲ ಹಸನು ಮಾಡಿದವರ ಮಕ್ಕಳಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ನೇಗಿಲಿಗೆ ಸಿಗುವ ಕಲ್ಲನ್ನು ಒಂದೊಂದಾಗಿ ಆಯ್ದು, ಮಂಕರಿಯಲ್ಲಿ ಹೊತ್ತು, ಬದುವಿಗೆ ಸುರಿದ ಗುಡ್ಡೆಗಳು ಅವು. ಒಂದು ಗುಡ್ಡೆ ಏಳಬೇಕಾದರೆ ಎಷ್ಟು ವರ್ಷ, ಎಷ್ಟು ಜನರ ಸೊಂಟ! ಇಲ್ಲಿ ಒಂದು ಕಾಲಕ್ಕೆ ಕಾಡಿರಲಿಲ್ಲ. ಹೊಲ ಇತ್ತು, ಸೇಬಿನ ತೋಟ ಇತ್ತು, ದನ ಮೇಯುತ್ತಿದ್ದವು.

ಇನ್ನೂ ಮುಂದೆ ಒಂದು ಸ್ಮಶಾನ. ನೆಲಕ್ಕೆ ಹಬ್ಬಿದ ನೀಲಿ ಹೂವಿನ ಬಳ್ಳಿ, ಗೋರಿಯ ಮೇಲೆ ಹಸಿರಿರಲಿ ಅಂತ ಮನೆಯವರೇ ನೆಟ್ಟದ್ದು. ಅಕ್ಷರ ಕೆತ್ತಿಸಿದ ಕಲ್ಲು ಒಂದೆರಡು. ಉಳಿದವು ಹೊಲದಿಂದಲೇ ತಂದು ನೆಟ್ಟ ಕಾಡುಗಲ್ಲು, ಹೆಸರಿಲ್ಲ. ಕಾಡಿನ ಬೇರೆ ಕಡೆಗಳಲ್ಲಿ ಮನೆಯೇ ಇಲ್ಲದೆ ನಿಂತ ಕಲ್ಲಿನ ಹೊಗೆಗೂಡುಗಳಿವೆ, ಬರೀ ತಳಪಾಯಗಳಿವೆ, ಕಾಡು ಬಿದ್ದ ಸೇಬಿನ ಮರಗಳಿವೆ. ಪಾರ್ಕಿನ ಗಡಿಯೊಳಗೆ ಇಂಥ ಸ್ಮಶಾನಗಳೇ ನೂರಕ್ಕೂ ಹೆಚ್ಚು.

ಎಲ್ಲಿ ಹೋದರು ಇವರು?

ಹೋಗಲಿಲ್ಲ, ಎಬ್ಬಿಸಿದರು. 1926ರಲ್ಲಿ ಅಮೆರಿಕದ ಸಂಸತ್ತು ಈ ಪಾರ್ಕಿಗೆ ಒಪ್ಪಿಗೆ ಕೊಟ್ಟಿತು. ಆದರೆ ಕೇಂದ್ರದ ಹಣದಲ್ಲಿ ಜಮೀನು ಕೊಳ್ಳುವ ಹಾಗಿರಲಿಲ್ಲ. ರಾಜ್ಯವೇ ಕೊಂಡು ದಾನವಾಗಿ ಕೊಡಬೇಕಿತ್ತು. ಒಬ್ಬೊಬ್ಬರನ್ನೇ ಕೇಳಿ ಕೊಳ್ಳುತ್ತ ಕೂತರೆ ಆಗುವ ಕೆಲಸವಲ್ಲ ಅಂತ 1928ರಲ್ಲಿ ವರ್ಜೀನಿಯಾ ಒಂದು ಕಾನೂನನ್ನೇ ಮಾಡಿತು. ಎಂಟು ಜಿಲ್ಲೆಗಳಲ್ಲಿ ಸಾವಿರಕ್ಕೂ ಹೆಚ್ಚು ತುಂಡು ಜಮೀನುಗಳನ್ನು ಒಟ್ಟಿಗೇ ಸ್ವಾಧೀನಕ್ಕೆ ತೆಗೆದುಕೊಳ್ಳುವ ಕಾನೂನು. ಇದ್ದವರು ಇರಬಹುದು ಅನ್ನುವ ಮಾತು ಮೊದಲಿಗೆ ಇತ್ತು. 1934ರ ಹೊತ್ತಿಗೆ ಅದು ಹೋಗಿ, ಎಲ್ಲರೂ ಖಾಲಿ ಮಾಡಬೇಕು ಅಂತಾಯಿತು. ಸುಮಾರು 500 ಕುಟುಂಬಗಳು. ಒಬ್ಬ ರೈತ ಕೋರ್ಟಿಗೆ ಹೋದ, 1935ರಲ್ಲಿ ಸೋತ. ಅದೇ ವರ್ಷದ ಡಿಸೆಂಬರಿನಲ್ಲಿ ಪಾರ್ಕು ಆಯಿತು. 1936ರ ಜುಲೈ 3ರಂದು ಅಧ್ಯಕ್ಷ ರೂಸ್‌ವೆಲ್ಟ್ ಬಂದು ಅದನ್ನು ದೇಶಕ್ಕೆ ಅರ್ಪಿಸಿದರು. ತೀರಾ ಮುದುಕರಾದ ಕೆಲವರಿಗೆ ಮಾತ್ರ ಸಾಯುವವರೆಗೆ ಇರಲು ಬಿಟ್ಟರು. ಅವರಲ್ಲಿ ಕೊನೆಯ ಅಜ್ಜಿ ತೀರಿಕೊಂಡದ್ದು 1979ರಲ್ಲಿ.

ಎಬ್ಬಿಸಿದ ಮೇಲೆ ಸರ್ಕಾರದ ಕೆಲಸಕ್ಕೆ ಸೇರಿದ ಹುಡುಗರನ್ನು ಕಳಿಸಿ ಎಷ್ಟೋ ಮನೆಗಳನ್ನು ಕೆಡವಿಸಿದರು, ಸುಟ್ಟರು. ಯಾಕೆ? ನೋಡಿದರೆ ಮನುಷ್ಯ ಮುಟ್ಟದ ಕಾಡಿನ ಹಾಗೆ ಕಾಣಬೇಕು ಅಂತ. ಆದರೆ ಅದೇ ಪಾರ್ಕಿನೊಳಗೆ ಹರಿಯುವ ರಾಪಿಡಾನ್ ಹೊಳೆಯ ಮೂಲದಲ್ಲಿ ಅಧ್ಯಕ್ಷ ಹೂವರ್ 1929ರಲ್ಲಿ ಮೀನು ಹಿಡಿಯಲು ಕಟ್ಟಿಸಿಕೊಂಡ ಮರದ ಮನೆಗಳಿದ್ದವಲ್ಲ, ಅವುಗಳಲ್ಲಿ ಮೂರು ಇವತ್ತಿಗೂ ಇವೆ. ರಾಷ್ಟ್ರೀಯ ಸ್ಮಾರಕ ಅಂತ ಎಣ್ಣೆ ಹಚ್ಚಿ ಕಾಪಾಡಿದ್ದಾರೆ. ಅಧ್ಯಕ್ಷನ ಮರದ ಮನೆ ಚರಿತ್ರೆ, ಕೂಲಿಯವನ ಮರದ ಮನೆ ಕಸ. ಬೆಟ್ಟದವರ ಮನೆಗಳಲ್ಲಿ ಉಳಿದ ಕೆಲವೇ ಕೆಲವಲ್ಲಿ ಕಾರ್ಬಿನ್ ಎಂಬಾತ 1910ರಲ್ಲಿ ಕಟ್ಟಿದ್ದು ಒಂದು. ಅವನನ್ನು ಎಬ್ಬಿಸಿದ ಮೇಲೆ ಚಾರಣಿಗರ ಸಂಘವೊಂದು ಅದನ್ನು ರಿಪೇರಿ ಮಾಡಿ, ರಾತ್ರಿ ತಂಗುವವರಿಗೆ ಬಾಡಿಗೆಗೆ ಕೊಡುತ್ತ ಬಂದಿದೆ.

ಸುಮ್ಮನೆ ಎಬ್ಬಿಸಿದರೆ ಜನ ಕೇಳುತ್ತಾರೆ. ಅದಕ್ಕೆ ಮೊದಲು ಅವರನ್ನು ಹೀನ ಮಾಡಬೇಕು. ನಮಗೆ ಈ ಪಾಠ ಬಾಯಿಪಾಠ. 1933ರಲ್ಲಿ ಮ್ಯಾಂಡೆಲ್ ಶರ್ಮನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಥಾಮಸ್ ಹೆನ್ರಿ ಎಂಬ ಪತ್ರಕರ್ತ ಸೇರಿ 'ಹಾಲೋ ಫೋಕ್' ಅಂತ ಒಂದು ಪುಸ್ತಕ ಬರೆದರು. ಐದು ಕಣಿವೆಗಳನ್ನು ಏಣಿಯ ಮೆಟ್ಟಿಲಿನ ಹಾಗೆ ಜೋಡಿಸಿ, ಇದು ಕೆಳಗಿನದು, ಇದು ಅದಕ್ಕಿಂತ ಸ್ವಲ್ಪ ನಾಗರಿಕ, ಇದು ಇನ್ನೂ ಸ್ವಲ್ಪ ಮೇಲು ಅಂತ ಲೆಕ್ಕ ಹಾಕಿದರು. ಏಣಿ! ನೋಡಿ, ಎಲ್ಲ ದೇಶದ ಪಂಡಿತರಿಗೂ ಏಣಿ ಬೇಕು. ಇವರು ಲೋಕದ ಅರಿವಿಲ್ಲದೆ, ಕಾಲ ನಿಂತ ಜಾಗದಲ್ಲಿ ಕೊಳೆಯುತ್ತಿರುವ ಜನ, ಎಬ್ಬಿಸುವುದೇ ಉಪಕಾರ ಅಂತ ಓದಿದವರಿಗೆ ಅನ್ನಿಸಬೇಕು. ಅನ್ನಿಸಿತು ಕೂಡ.

1990ರ ದಶಕದಿಂದೀಚೆಗೆ ಆಡ್ರಿ ಹಾರ್ನಿಂಗ್ ಎಂಬ ಪುರಾತತ್ವ ವಿದ್ವಾಂಸೆ ಅದೇ ಕಣಿವೆಗಳ ಮನೆಯಂಗಳಗಳನ್ನು ಹುಡುಕಿದರು. ಸಿಕ್ಕಿದ್ದೇನು? ಚಿತ್ತಾರದ ಪಿಂಗಾಣಿ, ಅಂಚೆಯಲ್ಲಿ ತರಿಸಿದ ಮಕ್ಕಳ ಆಟಿಕೆ, ಔಷಧಿ ಸೀಸೆ, ಅಂಗಡಿಯಲ್ಲಿ ಕೊಂಡ ಚಪ್ಪಲಿ ಬೂಟು, ಮೋಟಾರು ಗಾಡಿಯ ತುಂಡು. ಲೋಕದ ಅರಿವಿಲ್ಲದವರು ಅಂಚೆಯಲ್ಲಿ ಆಟಿಕೆ ತರಿಸುತ್ತಾರೆಯೇ? ಇನ್ನೊಂದು ಮಾತು. ಆ ಏಣಿಯ ಕೆಳಗಿನ ಮೆಟ್ಟಿಲಲ್ಲಿ ಇಟ್ಟಿದ್ದ ಕಾರ್ಬಿನ್ ಕಣಿವೆಯವರು ಬೆಟ್ಟದ ಮೇಲಿನ ಸ್ಕೈಲ್ಯಾಂಡ್ ಎಂಬ ಶ್ರೀಮಂತರ ವಿಹಾರಧಾಮದಲ್ಲಿ ಕೂಲಿ ಮಾಡುತ್ತ, ಅಲ್ಲಿಗೆ ಬರುವವರಿಗೆ ಬುಟ್ಟಿ ಹೆಣೆದು ಮಾರುತ್ತ ಬದುಕಿದ್ದವರು. ಅವರ ಕಾಡಿನ ಚೆಸ್ಟ್‌ನಟ್ ಮರಗಳು ರೋಗ ಬಿದ್ದು ಒಣಗಿದ್ದವು. 1929ರ ಆರ್ಥಿಕ ಕುಸಿತದಲ್ಲಿ ವಿಹಾರಕ್ಕೆ ಬರುವವರೂ ನಿಂತರು. ಹೊಟ್ಟೆಗಿಲ್ಲದಾಯಿತು. ಆಗ ಪಂಡಿತರು ನೋಟ್‌ಬುಕ್ ಹಿಡಿದು ಬಂದರು. ಆ ವಿಹಾರಧಾಮದ ಒಡೆಯನೇ ಪಾರ್ಕು ಬೇಕು ಅಂತ ಓಡಾಡಿದವರಲ್ಲಿ ಮುಂದಾಳು.

ಹೀನ ಮಾಡುವ ವಿದ್ಯೆಗೆ ಆ ರಾಜ್ಯದಲ್ಲಿ ಕಾನೂನಿನ ಬಲವೂ ಇತ್ತು. 1924ರ ಮಾರ್ಚ್ 20ರಂದು, ಅಂದರೆ ಮಹಾಡಕ್ಕೆ ಸರಿಯಾಗಿ ಮೂರು ವರ್ಷ ಮುಂಚೆ, ವರ್ಜೀನಿಯಾ ಒಂದೇ ದಿನ ಎರಡು ಕಾಯಿದೆ ಮಾಡಿತು. 'ಮಂದಬುದ್ಧಿ'ಯವರು ಅಂತ ಸರ್ಕಾರ ಕರೆದವರಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದು ಒಂದು. ಬಿಳಿಯರು ಬೇರೆಯವರನ್ನು ಮದುವೆಯಾಗದಂತೆ ತಡೆದು 'ರಕ್ತ ಶುದ್ಧಿ' ಕಾಪಾಡುವುದು ಇನ್ನೊಂದು. ಮೊದಲನೆಯದನ್ನು 1927ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಆ ಮೊಕದ್ದಮೆಯ ಹೆಣ್ಣುಮಗಳು ಕ್ಯಾರಿ ಬಕ್ ಈ ಬೆಟ್ಟಗಳ ಬುಡದ ಷಾರ್ಲಟ್ಸ್‌ವಿಲ್ ಊರಿನ ಬಡವಿ. ಈ ಬೆಟ್ಟದಿಂದ ಎಬ್ಬಿಸಿದ ಕೆಲವರನ್ನೂ ಅದೇ ಸರ್ಕಾರಿ ದೊಡ್ಡಿಗೆ ಸಾಗಿಸಿದರು. ಎರಡನೆಯ ಕಾಯಿದೆ ಏನು ಮಾಡಿತು ಗೊತ್ತೆ? ಬಿಳಿಯರು ಬರುವ ಎಷ್ಟೋ ಕಾಲಕ್ಕೆ ಮುಂಚೆ ಈ ಬೆಟ್ಟಗಳ ಸುತ್ತಿನಲ್ಲಿದ್ದ ಮೊನಾಕನ್ ಮೊದಲಾದ ಮೂಲನಿವಾಸಿಗಳನ್ನು ದಾಖಲೆಯಲ್ಲಿ 'ಇಂಡಿಯನ್' ಅಂತ ಬರೆಯದೆ 'ಬಣ್ಣದವರು' ಅಂತ ಬರೆಸಿತು. ಬದುಕಿದ್ದ ಹಾಗೇ ಕಾಗದದ ಮೇಲೆ ಇಲ್ಲವಾದರು. ಮೊನಾಕನ್ನರಿಗೆ ಕೇಂದ್ರ ಸರ್ಕಾರದ ಮನ್ನಣೆ ಸಿಕ್ಕಿದ್ದು 2018ರಲ್ಲಿ.

ಹಾಗಾದರೆ ಎಬ್ಬಿಸಿದ ಈ ಬಿಳಿಯ ಬಡವರಿಗಾಗಿ ನಾವು ಯಾಕೆ ಮರುಗಬೇಕು ಅಂತ ನಮ್ಮ ಗೆಳೆಯರೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಯಾಕೆಂದರೆ ಕಥೆ ಇನ್ನೂ ಮುಗಿದಿಲ್ಲ. 'ಎಲ್ಲ ಅಮೆರಿಕನ್ನರಿಗಾಗಿ' ಅಂತ ಜನರನ್ನು ಎಬ್ಬಿಸಿ ಮಾಡಿದ ಆ ಪಾರ್ಕಿನಲ್ಲಿ ಕರಿಯರಿಗೆ ಬೇರೆ ಜಾಗ ಗುರುತು ಮಾಡಿದರು. ಲೂಯಿಸ್ ಮೌಂಟನ್ ಅಂತ ಅದರ ಹೆಸರು. 1939ರಲ್ಲಿ ತೆರೆಯಿತು. ನೀಗ್ರೋಗಳ ಜಾಗ ಅಂತ ರಸ್ತೆಗೆ ಕಾಣುವಂತೆ ಬೋರ್ಡು. ಕೇಂದ್ರ ಸರ್ಕಾರದಲ್ಲಿದ್ದ ವಿಲಿಯಂ ಟ್ರೆಂಟ್ ಎಂಬ ಕರಿಯ ಸಲಹೆಗಾರರು ಇದನ್ನು ಬಿಡದೆ ಪ್ರಶ್ನಿಸಿದರು. ಒಳಗಿನಿಂದ, ಹೊರಗಿನಿಂದ ಒತ್ತಾಯ ಬಂದು ಬಂದು 1950ರ ಹೊತ್ತಿಗೆ ಬೇರೆ ಪಂಕ್ತಿ ನಿಂತಿತು. ನಮ್ಮ ಸಂವಿಧಾನ ಜಾರಿಗೆ ಬಂದ ವರ್ಷ ಅದು. ಹದಿನೇಳನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ್ದೂ ಆಗಲೇ. ರದ್ದು ಮಾಡಿದ್ದು ಎಷ್ಟು ಊರಿಗೆ ತಲುಪಿತು ಅನ್ನುವುದು ಈ ಪತ್ರಿಕೆ ಓದುವ ಮೇಷ್ಟ್ರುಗಳಿಗೆ ನಾವು ಹೇಳಬೇಕಾದ್ದಿಲ್ಲ.

ಹೀಗೆ ಒಂದೇ ಬೆಟ್ಟದ ಮೇಲೆ ಮೂರು ಪದರ. ಮೂಲನಿವಾಸಿಗಳನ್ನು ಓಡಿಸಿದ ನೆಲದ ಮೇಲೆ ಬಿಳಿಯ ಬಡವ ಕಲ್ಲು ಆಯ್ದ. ಬಿಳಿಯ ಬಡವನನ್ನು ಓಡಿಸಿದ ನೆಲದ ಮೇಲೆ ಪಾರ್ಕು ಎದ್ದಿತು. ಆ ಪಾರ್ಕು ಕರಿಯನನ್ನು ಒಂದು ಮೂಲೆಗೆ ಕೂರಿಸಿತು. ಯಾರ ಪರ ನಿಲ್ಲೋಣ? ಆ ಬಿಳಿಯ ಬಡವರಲ್ಲಿ ಕರಿಯನನ್ನು ತನ್ನ ಊಟದ ಮೇಜಿಗೆ ಕೂರಿಸದವರು ಇದ್ದಿರಲೇಬೇಕು. ಅವನು ಬೆಟ್ಟ ಇಳಿದು ಬೇರೆ ಊರಿಗೆ ಹೋದರೆ ಯಾವ ಹೋಟೆಲಿಗೂ ನುಗ್ಗಬಹುದಿತ್ತು, ಅವನ ಮಕ್ಕಳು ಬಿಳಿಯರ ಶಾಲೆಗೇ ಹೋಗಬಹುದಿತ್ತು. ಕರಿಯನಿಗೆ ಅದಿರಲಿಲ್ಲ. ಎಲ್ಲ ನೋವೂ ಒಂದೇ ಅನ್ನುವವರನ್ನು ನಾವು ನಂಬುವುದಿಲ್ಲ. ಬ್ರಾಹ್ಮಣರಲ್ಲೂ ಬಡವರಿಲ್ಲವೇ ಅಂತ ಕೇಳಿ ನಮ್ಮ ಬಾಯಿ ಮುಚ್ಚಿಸುವವರ ವರಸೆ ಅದು. ಹಾಗಂತ, ಅವನು ಬಿಳಿಯ, ಅವನ ಮನೆ ಸುಟ್ಟರೆ ನಮಗೇನು ಅನ್ನುವುದೂ ನಮ್ಮ ಬಾಯಿಗೆ ಒಗ್ಗುವ ಮಾತಲ್ಲ. ಅವನನ್ನು ಅಳೆದ ಕೋಲು ಯಾವುದು ನೋಡಿ. ಕೊಳಕ, ದಡ್ಡ, ಸೋಮಾರಿ, ಹುಟ್ಟಿನಿಂದಲೇ ಕೀಳು, ಅವನ ಒಳ್ಳೆಯದು ಅವನಿಗೆ ಗೊತ್ತಿಲ್ಲ. ಈ ಕೋಲು ನಮ್ಮ ಬೆನ್ನಿಗೆ ಪರಿಚಿತ. ಅದು ಬಿಳಿಯ ಬೆನ್ನಿನ ಮೇಲೆ ಬಿದ್ದಾಗಲೂ ನಮಗೆ ಸದ್ದು ಕೇಳಿಸಬೇಕು. ಕೇಳಿಸದಿದ್ದರೆ ನಾವು ವಿರೋಧಿಸುತ್ತಿರುವುದು ಕೋಲನ್ನಲ್ಲ, ಕೋಲು ನಮ್ಮ ಕೈಯಲ್ಲಿ ಇಲ್ಲದಿರುವುದನ್ನು.

ಒಳ್ಳೆಯದಕ್ಕೇ ಆಯಿತಲ್ಲ ಅನ್ನುವವರೂ ಇದ್ದಾರೆ. ಕಾಡು ಬೆಳೆಯಿತು, ಕರಡಿ ಜಿಂಕೆ ಮರಳಿದವು, ಹೊಳೆಗಳು ತಿಳಿಯಾದವು, ಲಕ್ಷಾಂತರ ಜನ ಉಸಿರಾಡುತ್ತಾರೆ, 500 ಮನೆಯ ದುಃಖ ಅದರ ಮುಂದೆ ಎಷ್ಟು? ಈ ಲೆಕ್ಕ ನಮಗೆ ಅಣೆಕಟ್ಟೆಗಳಿಂದ ಪರಿಚಯ. ಬಹುಜನರ ಹಿತಕ್ಕೆ ಕೆಲವರ ತ್ಯಾಗ ಅನ್ನುತ್ತಾರೆ. ತ್ಯಾಗ ಅಂದರೆ ಕೊಡುವವನು ತಾನಾಗಿ ಕೊಡುವುದು. ಕಿತ್ತುಕೊಂಡದ್ದಕ್ಕೆ ಆ ಹೆಸರಿಟ್ಟರೆ ಭಾಷೆಗೂ ಅನ್ಯಾಯ. ಕಾಡು ಒಳ್ಳೆಯದೇ, ನಾವೂ ಅದರ ನೆರಳಲ್ಲಿ ಕೂತಿದ್ದೇವೆ. ಒಳ್ಳೆಯದು ಬಂತು ಅನ್ನುವುದರಿಂದ ಅದು ಬಂದ ದಾರಿ ನೇರವಾಗುವುದಿಲ್ಲ. ಆ ಲೆಕ್ಕದಲ್ಲಿ ತ್ಯಾಗದ ಸರದಿ ಯಾವತ್ತಾದರೂ ಹೂವರನ ಮನೆಗೆ ಬಂತೇ? ವಿಹಾರಧಾಮಕ್ಕೆ ಬಂತೇ? ಸ್ಕೈಲ್ಯಾಂಡ್ ಇವತ್ತಿಗೂ ನಡೆಯುತ್ತಿದೆ, ಕೋಣೆ ಬಾಡಿಗೆಗೆ ಸಿಗುತ್ತದೆ.

ನಮ್ಮನ್ನು ಹೆಚ್ಚು ಕಾಡಿದ ಮಾತು ಬೇರೆ. ಎಬ್ಬಿಸಿದವರೊಳಗೇ ಎರಡು ಜಾತಿ ಇತ್ತು. ಪತ್ರ ಇದ್ದವರು, ಪತ್ರ ಇಲ್ಲದವರು. ಬೆಟ್ಟದ ಮೇಲೆ ಬಾಳಿದವರಲ್ಲಿ ಎಷ್ಟೋ ಜನ ಗೇಣಿಗೆ, ಪಾಲಿಗೆ ಉಳುತ್ತಿದ್ದವರು, ದಣಿಯ ದನ ಕಾಯುತ್ತ ಅವನ ಜಮೀನಿನಲ್ಲೇ ಗುಡಿಸಲು ಹಾಕಿಕೊಂಡವರು. ಪರಿಹಾರದ ಹಣ ಹೋದದ್ದು ಪತ್ರದಲ್ಲಿ ಹೆಸರಿದ್ದವನಿಗೆ. ಬದುವಿಗೆ ಕಲ್ಲು ಹೊತ್ತವನಿಗೆ ಬಿಡಿಗಾಸಿಲ್ಲ. ನಮ್ಮ ಕಡೆ ಪಹಣಿಯಲ್ಲಿ ಹೆಸರಿಲ್ಲದ ಕೂಲಿಯವನು ಮುಳುಗಡೆ ಪರಿಹಾರದ ಆಫೀಸಿನ ಮುಂದೆ ಕೂತು ಎದ್ದು ಬಂದ ಹಾಗೆ.

ಪಾಳಿನ ವಿಷಯಕ್ಕೂ ಇದೇ ನ್ಯಾಯ. ಪಾಳು ಬಿದ್ದು ಉಳಿಯಬೇಕಾದರೂ ಬದುಕಿದ್ದಾಗ ಕಲ್ಲು ಇರಬೇಕು. ಕಲ್ಲಿನ ಹೊಗೆಗೂಡು ಕಟ್ಟಿಸಿದವನ ಮನೆ ನೂರು ವರ್ಷದ ಮೇಲೂ ಕಾಡಿನಲ್ಲಿ ನಿಂತು ಇಲ್ಲಿ ನಾವಿದ್ದೆವು ಅನ್ನುತ್ತದೆ. ಮರ, ಮಣ್ಣು, ಹುಲ್ಲಿನಲ್ಲಿ ಬಾಳಿದವನ ಮನೆ ಹತ್ತು ಮಳೆಗೆ ನೆಲ ಸೇರುತ್ತದೆ. ನಮ್ಮ ನಾಡನ್ನೇ ನೋಡಿ. ಕೋಟೆ ಇದೆ, ಅರಮನೆಯ ತಳಪಾಯ ಇದೆ, ಆನೆ ಲಾಯ ಇದೆ, ಪುರಾತತ್ವ ಇಲಾಖೆಯ ನೀಲಿ ಬೋರ್ಡು ಇದೆ. ಆ ಕೋಟೆಗೆ ಕಲ್ಲು ಎಳೆದವರ ಕೇರಿ ಎಲ್ಲಿ? ಆ ಆನೆಯ ಲದ್ದಿ ಹೊತ್ತವರ ಗುಡಿಸಲು ಎಲ್ಲಿ? ಬೋರ್ಡು ಹಾಕಲು ಏನಾದರೂ ಉಳಿದಿದ್ದರೆ ತಾನೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟ್ರುಗಳು ಕಲ್ಲಿದ್ದ ಕಡೆ ನಿಂತು ಪಾಠ ಮಾಡುತ್ತಾರೆ. ಬರಿದಾದ ಬಯಲಿನ ಕಡೆಗೂ ಕೈ ತೋರಿಸಿ, ಇಲ್ಲಿ ಯಾರಿದ್ದಿರಬಹುದು ಹೇಳಿ ನೋಡೋಣ ಅಂತ ಕೇಳಿದರೆ ಮಕ್ಕಳು ಹೇಳುತ್ತಾರೆ. ಮಕ್ಕಳಿಗೆ ಗೊತ್ತಿರುತ್ತದೆ.

ಶೆನಾಂಡೋವಾದಲ್ಲಿ ಎಬ್ಬಿಸಿದವರ ಮೊಮ್ಮಕ್ಕಳು 1990ರ ದಶಕದಲ್ಲಿ ಸಂಘ ಕಟ್ಟಿ, ನಮ್ಮ ಅಜ್ಜಿ ತಾತಂದಿರನ್ನು ಕಾಡುಜನರ ಹಾಗೆ ತೋರಿಸುವ ಫಲಕಗಳನ್ನು ಬದಲಿಸಿ ಅಂತ ಗಲಾಟೆ ಮಾಡಿದರು. ಈಗ ಪಾರ್ಕಿನ ಪ್ರದರ್ಶನದಲ್ಲಿ ಎಬ್ಬಿಸಿದ ಕಥೆಯೂ ಬಂದಿದೆ, ಲೂಯಿಸ್ ಮೌಂಟನ್ನಿನ ಕಥೆಯೂ ಬಂದಿದೆ. ಸುತ್ತಲ ಜಿಲ್ಲೆಗಳಲ್ಲಿ ಕಲ್ಲಿನ ಹೊಗೆಗೂಡು ಕಟ್ಟಿ, ಮನೆತನಗಳ ಹೆಸರು ಕೆತ್ತಿಸಿದ್ದಾರೆ. ಬೋರ್ಡಿನ ಆಯುಸ್ಸು ಎಷ್ಟು ಅನ್ನುವುದು ಮಾತ್ರ ಅಧಿಕಾರದಲ್ಲಿ ಇರುವವರ ಮರ್ಜಿ. 2025ರ ಮಾರ್ಚ್‌ನಲ್ಲಿ ಆ ದೇಶದ ಅಧ್ಯಕ್ಷರು, ಅಮೆರಿಕನ್ನರನ್ನು ಹೀಗಳೆಯುವಂಥ ಬರಹ ಸರ್ಕಾರದ ಪಾರ್ಕು, ಸ್ಮಾರಕಗಳಲ್ಲಿ ಇರಕೂಡದು ಅಂತ ಆದೇಶ ಹೊರಡಿಸಿದರು. ಆದದ್ದನ್ನು ಆಯಿತು ಅಂತ ಬರೆದರೆ ಹೀಗಳೆದ ಹಾಗಂತೆ.

ಮನುಷ್ಯರಿಲ್ಲದ ಕಾಡೇ ಶುದ್ಧ ಕಾಡು ಅನ್ನುವ ಆ ಯೋಚನೆ ಅಲ್ಲಿಗೇ ನಿಲ್ಲಲಿಲ್ಲ. 1972ರ ವನ್ಯಜೀವಿ ಕಾಯಿದೆಯ ರಾಷ್ಟ್ರೀಯ ಉದ್ಯಾನಗಳಾಗಿ ನಮ್ಮಲ್ಲಿಗೂ ಬಂತು. ನಾಗರಹೊಳೆಯ ಜೇನುಕುರುಬರ ಹಾಡಿಗಳು ಖಾಲಿಯಾದದ್ದು ಆ ದಾರಿಯಲ್ಲಿ. ಹೋದವರಲ್ಲಿ ಎಷ್ಟೋ ಜನ ಕೊಡಗಿನ ಕಾಫಿ ತೋಟಗಳ ಲೈನು ಮನೆ ಸೇರಿದರು. ಅವರ ಹಿಂದೆ ಕಲ್ಲಿನ ಹೊಗೆಗೂಡು ಉಳಿಯಲಿಲ್ಲ. ಬಿದಿರು, ಹುಲ್ಲು, ಮಣ್ಣು.

ಆದರೆ ಇಲ್ಲಿ ಒಂದು ವ್ಯತ್ಯಾಸ ಇದೆ, ಚಳವಳಿಯವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ವರ್ಜೀನಿಯಾದಲ್ಲಿ ಪಾಳು ನೋಡುವ ವಸ್ತು. ನಮ್ಮ ಅರಣ್ಯ ಹಕ್ಕು ಕಾಯಿದೆಯಲ್ಲಿ, 2006ರದು, ಪಾಳು ಸಾಕ್ಷಿ. ಅದರ ನಿಯಮಗಳಲ್ಲಿ ಬರೆದಿದೆ: ಗುಡಿಸಲಿನ ಗುರುತು, ಸಮ ಮಾಡಿದ ನೆಲ, ಬದು, ಬಾವಿ, ಸ್ಮಶಾನ, ದೇವರ ಬನ ಇವೆಲ್ಲ ಹಕ್ಕಿಗೆ ಪುರಾವೆ ಆಗುತ್ತವೆ. ಹಿರಿಯರು ಬಾಯಲ್ಲಿ ಹೇಳಿದ್ದನ್ನು ಬರೆದಿಟ್ಟರೆ ಅದೂ ಪುರಾವೆ. ಪತ್ರ ಒಂದೇ ಪುರಾವೆ ಅಲ್ಲ. ಬುಡಕಟ್ಟಿನವರಲ್ಲದ ದಲಿತ ಕುಟುಂಬ ಕಾಡಿನಲ್ಲಿ ಬಾಳಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷ, ಇದ್ದೆವು ಅಂತ ತೋರಿಸಬೇಕು. ಗುಡಿಸಲು ಹಾಕಿಕೊಂಡು ಬಾಳಿದವರ ಹತ್ತಿರ 75 ವರ್ಷದ ಕಾಗದ ಎಲ್ಲಿಂದ ಬರಬೇಕು? ಅರ್ಜಿಗಳು ರಾಶಿ ರಾಶಿ ವಜಾ ಆಗುವುದು ಇಲ್ಲೇ. ಗ್ರಾಮಸಭೆಯಲ್ಲಿ ಕೂತು ಮುದುಕಿಯರನ್ನು ಮಾತಾಡಿಸಿ, ಯಾವ ಮರದ ಬುಡದಲ್ಲಿ ಯಾರನ್ನು ಹೂತಿದ್ದೀರಿ, ಯಾವ ಬದು ಯಾರು ಹಾಕಿದ್ದು ಅಂತ ಕೇಳಿ, ತಾರೀಖು ಹಾಕಿ ಬರೆದುಕೊಳ್ಳುವ ಕೆಲಸಕ್ಕೆ ಅಕ್ಷರ ಬಲ್ಲ ಹುಡುಗರು ಬೇಕು.

2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಜಾಗಕ್ಕೆ ವಾಪಸು ನಡೆದು ಬಂದು, ಇದು ನಮ್ಮ ಊರು ಅಂತ ಗುಡಿಸಲು ಕಟ್ಟತೊಡಗಿದರು. ಅರಣ್ಯ ಇಲಾಖೆಯವರು, ಪೊಲೀಸರು ಬಂದು ನಿಂತರು. ಬಂದವರು ತೋರಿಸಿದ್ದು ತಮ್ಮ ಹಿರಿಯರನ್ನು ಹೂತ ನೆಲವನ್ನು.